ಮೂರನೆಯವರಿಲ್ಲದ ಸಂಗೀತ ಕ್ಲಬ್

ಬೆಳಕು ಹರಿಯುವ ಮೊದಲೇ ಶರಣಮ್ಮ ಕಾರ್ಕಳದ ಸಜ್ಜನರ ಸಂಗೀತ ಕ್ಲಬ್ಬಿನ ಬಾಗಿಲು ತೆರೆದು, ಹಾರ್ಮೋನಿಯಂ ಪೆಟ್ಟಿಗೆಗೆ ಹಿಡಿದ ಬೂಷ್ಟು ಒರೆಸುತ್ತಾರೆ. ಆಮೇಲೆ ನೆಲ, ಇಸ್ಪೀಟಿನ ಮೇಜು, ಕುರ್ಚಿಗಳು. ಎರಡು ಕುರ್ಚಿ ಬಿಟ್ಟರೆ ಉಳಿದವುಗಳಲ್ಲಿ ಕೂರುವವರಿಲ್ಲ. ಆದರೂ ಎಲ್ಲವನ್ನೂ ಒರೆಸುತ್ತಾರೆ.

ಗಂಡ ಶರಣಬಸಪ್ಪನ ಜೊತೆ ಕಲ್ಲುಕೋರೆಯ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರು ಇವರು. ಗಂಡ ತೀರಿಕೊಂಡ ಮೇಲೆ ಕ್ಲಬ್ಬಿನಲ್ಲಿ ಕಸ ಗುಡಿಸಿ ಚಹಾ ಮಾಡುವ ಕೆಲಸ ಕೈಹಿಡಿಯಿತು. ಆಗೆಲ್ಲ ಶನಿವಾರ ಸಂಜೆ ವಕೀಲರು, ಮೇಷ್ಟ್ರುಗಳು, ಕೋರೆ ಮಾಲಕರು ಸೇರಿ ಹಾಡಿ, ಇಸ್ಪೀಟಾಡಿ, ಜಗಳವಾಡಿ ಮನೆಗೆ ಹೋಗುತ್ತಿದ್ದರು. ಗಂಡಸರಿಗಷ್ಟೇ ಪ್ರವೇಶ. ಶರಣಮ್ಮ ಅಡುಗೆಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೇಳುತ್ತಿದ್ದರು.

"ಮನ್ಯಾಗ ಯಾರೂ ಇದ್ದಿಲ್ರೀ. ಆ ಹಾಡೇ ನನಗ ಮಂದಿ ಇದ್ದಂಗ."

ಕ್ಲಬ್ಬಿಗೆ ಇನ್ನೊಂದು ವಿಚಿತ್ರ ನಿಯಮವಿದೆ. ಸ್ಥಾಪಕರ ಕಾಲದಲ್ಲೊಮ್ಮೆ ಇಬ್ಬರೇ ಇದ್ದಾಗ, ಶ್ರುತಿ ತಪ್ಪಿದ್ದು ಹಾಡಿದವನೋ ನುಡಿಸಿದವನೋ ಎಂದು ದೊಡ್ಡ ರಂಪವಾಗಿ, ವರ್ಷಗಟ್ಟಲೆ ಮಾತು ಬಿಟ್ಟರಂತೆ. ಅಂದಿನಿಂದ ಹಾಡುವವರೊಬ್ಬರು, ನುಡಿಸುವವರೊಬ್ಬರು, ಕೇಳುವವರೊಬ್ಬರು ಇಲ್ಲದೆ ಪೆಟ್ಟಿಗೆ ತೆರೆಯುವಂತಿಲ್ಲ. ಸಜ್ಜನರ ಹಟ ಅಂದರೆ ಸುಮ್ಮನೆಯೇ! ಹಳಬರು ಒಬ್ಬೊಬ್ಬರಾಗಿ ಕಣ್ಮುಚ್ಚಿ, ಕಳೆದ ಮಳೆಗಾಲದಿಂದ ಹಾಡುವ ಮುದ್ದಣ್ಣ, ನುಡಿಸುವ ಲಿಯೋನೆಲ್ ಇಬ್ಬರೇ ಉಳಿದಿದ್ದಾರೆ. ಬರುತ್ತಾರೆ, ಚಹಾ ಕುಡಿಯುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ಹೋಗುತ್ತಾರೆ. ಆಮೇಲೆ ಕಟ್ಟಡದಲ್ಲಿ ಶರಣಮ್ಮ ಒಬ್ಬರೇ.

ಹೋದ ಶನಿವಾರ ಚಹಾ ಇಟ್ಟು ಹೊರಟವರನ್ನು ಮುದ್ದಣ್ಣ ತಡೆದರು.

"ಶರಣಮ್ಮ, ಇಲ್ಲಿ ಕೂತುಕೊಳ್ಳಿ ಮಾರಾಯ್ರೆ. ನೀವು ಕೇಳುವುದಾದರೆ ಮೂರು ಜನ ಆಯಿತು, ಅಲ್ವಾ?"

ಲಿಯೋನೆಲ್ ಆಗಲೇ ಕುರ್ಚಿ ಎಳೆದಿದ್ದರು. ಗಂಡಸರಿಗಷ್ಟೇ ಎಂಬ ನಿಯಮ ಅವರಿಬ್ಬರಿಗೂ ಮರೆತುಹೋಗಿತ್ತು. ಶರಣಮ್ಮನಿಗೆ ಮಾತ್ರ ನೆನಪಿತ್ತು. "ಬ್ಯಾಡ್ರೀ ಯಪ್ಪಾ" ಎಂದು ಒಳಗೆ ಓಡಿಬಿಟ್ಟರು. ಗಂಡಸರಿಬ್ಬರೂ ಒತ್ತಾಯಿಸಲಿಲ್ಲ. ಚಹಾ ಮುಗಿಸಿ, ಪೆಟ್ಟಿಗೆ ತೆರೆಯದೆಯೇ ಎದ್ದುಹೋದರು.

ಅಂದಿನಿಂದ ಶರಣಮ್ಮನಿಗೆ ಊಟ ಸೇರುತ್ತಿಲ್ಲ. "ಗ್ವಾಡಿ ಹಿಂದ ನಿಂತು ಇಷ್ಟ ವರ್ಷ ಕೇಳೇನ್ರೀ. ಕುಂತು ಕೇಳ್ರಿ ಅಂದಾಗ ಓಡಿ ಹೋದೆ ನೋಡ್ರಿ, ಹುಚ್ಚಿ ನಾನು" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಇವತ್ತು ಮತ್ತೆ ಶನಿವಾರ. ಬೆಳಿಗ್ಗೆಯೇ ಒಗೆದ ಸೀರೆ ಉಟ್ಟು ಬಂದಿದ್ದಾರೆ. ಕರೆದರೆ ಈ ಸಲ ಕೂರುತ್ತೀರಾ ಎಂದು ಕೇಳಿದರೆ, ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಹಿಂಡುತ್ತಾರೆ.

"ಕುಂಡ್ರತೀನ್ರೀ. ಆದ್ರ ನಾನಾಗೇ ಹೋಗಿ ಹ್ಯಾಂಗ ಕುಂಡ್ರಲಿ? ಅವರು ಇನ್ನೊಮ್ಮೆ ಕರೀಬೇಕಲ್ರೀ."