ಕುಂಕುಮ ಹತ್ತಿದ ಕ್ಯಾಮೆರಾ

ಪರೀಕ್ಷಿಸದೆ ಕ್ಯಾಮೆರಾ ಕೊಳ್ಳಬಾರದೆಂಬ ವಿವೇಕ ನನಗಿರಲಿಲ್ಲವೆಂದು ಮನೆಯವರು ಇಂದಿಗೂ ಹೇಳುತ್ತಾರೆ. ವಿವೇಕವಿತ್ತು, ಬಳಸಲು ಬಿಡಲಿಲ್ಲ.

ಐವತ್ತರ ದಶಕದಲ್ಲಿ ನಾವು ಬೊರಿವಲಿಯ ಚಾಳಿನಲ್ಲಿದ್ದೆವು. ಧಾರವಾಡದ ಮನೆತನವೊಂದು ನನ್ನ ತಂಗಿಯ ಫೋಟೋ ಕೇಳಿತ್ತು. ಮುಂಬಯಿಗೆ ಬಂದಿದ್ದ ವರನ ಸೋದರಮಾವ ದಸರೆ ಮುಗಿದ ವಾರದಲ್ಲಿ ಊರಿಗೆ ಮರಳುವಾಗ ಅದನ್ನು ಒಯ್ಯಲಿದ್ದರು. ಸ್ಟುಡಿಯೋದವನೆದುರು ಕೂರಲು ತಂಗಿ ಒಪ್ಪಲಿಲ್ಲ. ನಾನೇ ತೆಗೆಯುತ್ತೇನೆಂದು ಮಾತು ಕೊಟ್ಟೆ.

ದಹಿಸರ್‌ನಿಂದ ನನ್ನದೇ ಲೋಕಲ್ ರೈಲಿನಲ್ಲಿ ಬರುತ್ತಿದ್ದ ನಮ್ಮ ಆಫೀಸಿನ ಹಿರಿಯ ಗುಮಾಸ್ತರು ತಮ್ಮ ಹಳೆಯ ಕ್ಯಾಮೆರಾ ನನಗೆ ಮಾರಿದರು. ಅದರ ಮುಂಭಾಗ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಚಿಕೊಳ್ಳುತ್ತಿತ್ತು.

“ಮನಿಗೆ ಒಯ್ದು ನೋಡಪಾ. ಸೇರಲಿಲ್ಲಂದ್ರ ವಾಪಸ್ ಕೊಡು. ನಾವೇನು ಪರಕೀ ಮಂದೀನ?”

ಮರುದಿನ ಆಯುಧಗಳನ್ನು ಪೂಜಿಸುವ ಖಂಡೇನವಮಿ. ನಾನು ಏಳುವಷ್ಟರಲ್ಲಿ ಅವ್ವ ಅದನ್ನು ಈಳಿಗೆಮಣೆಗೂ ಅಡಕತ್ತರಿಗೂ ನಡುವೆ ಪೂಜೆಗಿಟ್ಟು, ಲೆನ್ಸಿಗೆ ಧಾರಾಳವಾಗಿ ಕುಂಕುಮ ಹಚ್ಚಿದ್ದಳು.

“ಅವ್ವಾ, ಅದನ್ನ ಇನ್ನೂ ನೋಡೇ ಇಲ್ಲ!”

“ಬನ್ನಿ ಕೊಡೂತನಕ ಮುಟ್ಟಬ್ಯಾಡ. ಅದಕ್ಕ ಕಣ್ಣು ಚಲೋ ಕಾಣ್ಲಿ ಅಂತ ಅಲ್ಲೇ ಮೊದಲ ಹಚ್ಚೀನಿ.”

ದಶಮಿಯ ಸಂಜೆ ಬನ್ನಿ ವಿನಿಮಯವಾದ ಬಳಿಕ ಕ್ಯಾಮೆರಾವನ್ನು ಬಲ್ಬಿಗೆ ಹಿಡಿದು ನೋಡಿದರೆ, ತಿದಿಯ ತೂತಿನಿಂದ ಬೆಳಕು ಇಣುಕುತ್ತಿತ್ತು. ಮರುದಿನ ಲೋಕಲ್‌ನಲ್ಲಿ ಗುಮಾಸ್ತರ ಮುಂದಿಟ್ಟೆ. ಅವರು ಲೆನ್ಸಿನ ಅಂಚಿನ ಸಂದಿಯನ್ನು ಉಗುರಿನಿಂದ ಕೆರೆದರು.

“ಕುಂಕುಮ ಹತ್ತೇದಲ್ಲೋ! ಪೂಜಾ ಆತಂದ್ರ ಅದು ನಿಮ್ಮನಿ ಲಕ್ಷ್ಮಿ. ವಾಪಸ್ ತಗೊಂಡು ನಾ ಪಾಪ ಕಟ್ಟಿಕೊಳ್ಳಲೇನು?”

ಸುತ್ತ ನಿಂತಿದ್ದ ನಮ್ಮ ಊರ ಕಡೆಯ ನಾಲ್ವರೂ ತಲೆದೂಗಿದರು. ನಾಲ್ವರ ಮುಖಗಳೂ ನನಗೆ ನೆನಪಿವೆ.

ತೂತಿಗೆ ಕಪ್ಪು ಬಟ್ಟೆ ಅಂಟಿಸಿ, ತಂಗಿಯನ್ನು ಕೂರಿಸಿ ಎಂಟು ಚಿತ್ರ ತೆಗೆದೆ. ಮಡಿಕೆಯ ಮೂಲೆಯಲ್ಲಿ ನನಗೆ ಕಾಣದ ಇನ್ನೊಂದು ತೂತಿತ್ತು. ಪ್ರಿಂಟುಗಳು ಕೈಸೇರಿದ್ದು ಸೋದರಮಾವ ರೈಲು ಹತ್ತುವ ಸಂಜೆ. ಎಂಟರಲ್ಲೂ ಸೀರೆ, ಕೈ, ಕುರ್ಚಿ ಸ್ಪಷ್ಟ. ಮುಖವಿರಬೇಕಾದಲ್ಲಿ ಬಿಳಿಯ ಜ್ವಾಲೆ. ತಂಗಿ ಒಳಗೆ ಅಳುತ್ತಿದ್ದಳು. ಫೋಟೋ ಒಯ್ಯಲು ಮನೆಗೆ ಬಂದಿದ್ದ ಸೋದರಮಾವನಿಗೆ ಅವ್ವ ಒಂದು ಕಿವಿ ಕಾಣುವ ಪ್ರತಿಯನ್ನು ಆರಿಸಿ ಕೊಟ್ಟಳು.

“ಝುಮಕಿ ಚಂದ ಬಂದದ ನೋಡ್ರಿ.”

ಸೋದರಮಾವ ಚಹಾ ಮುಗಿಸುವವರೆಗೂ ಅದನ್ನೇ ನೋಡಿದರು. “ಹುಡುಗಿ ಭಾಳ ಮರ್ಯಾದಸ್ತಳು. ಮುಖಾನೂ ತೋರಿಸಿಲ್ಲ!”

ಸಂಬಂಧ ಮುರಿಯಿತೆಂದೇ ಎಲ್ಲರೂ ನನ್ನೊಡನೆ ಮಾತು ಬಿಟ್ಟರು. ಹದಿನೈದು ದಿನಗಳಲ್ಲಿ ವರನೇ ಬಾಗಿಲಲ್ಲಿ ನಿಂತಿದ್ದ.

“ಫೋಟೋದಾಗ ಮುಖ ಇರಲಿಲ್ರಿ. ಖರೇನ ಐತೋ ಇಲ್ಲೋ ಅಂತ ನೋಡಾಕ ಬಂದೆ.”

ಅಡುಗೆಮನೆಯಿಂದ ತಂಗಿಯ ನಗು ಕೇಳಿಸಿತು. ಅಲ್ಲಿಗೆ ಎಲ್ಲ ನಿಶ್ಚಯವಾಯಿತು.

ಮದುವೆಯಲ್ಲಿ ಗುಮಾಸ್ತರು ಮುಂದಿನ ಸಾಲಿನಲ್ಲೇ ಕುಳಿತು ಬೀಗರಿಗೆ ವಿವರಿಸುತ್ತಿದ್ದರು: “ನನ್ನ ಕ್ಯಾಮೆರಾ ಚಲೋ ಇದ್ದಿದ್ರ ಹುಡುಗ ಫೋಟೋ ನೋಡಿ ಮನ್ಯಾಗ ಕೂಡ್ತಿದ್ದ!” ಅವ್ವ ಅವರಿಗೆ ಮೊದಲ ತಾಂಬೂಲ ಕೊಟ್ಟು, ಧೋತರವನ್ನೂ ಉಡುಗೊರೆ ಮಾಡಿದಳು. ಚಿತ್ರ ತೆಗೆದವನು ಯಾರೆಂದು ಒಬ್ಬರೂ ಕೇಳಲಿಲ್ಲ. ನಾನು ಪಂಕ್ತಿಯಲ್ಲಿ ಲಾಡು ಬಡಿಸುತ್ತಿದ್ದೆ. ಗುಮಾಸ್ತರು ಎರಡನೆಯದಕ್ಕೆ ಕೈ ಚಾಚಿದಾಗ, ಬುಟ್ಟಿ ತುಂಬಿದ್ದರೂ, ಮುಗಿದಿದೆ ಎಂದು ಹೇಳಿ ಮುಂದೆ ಸಾಗಿದೆ.