ಷಡ್ಡಕನ ವಿಂಚು
ಹೆಂಡತಿಯ ಅಕ್ಕನ ಗಂಡ, ಅಂದರೆ ಷಡ್ಡಕ, ತನ್ನ ಜೀಪಿನ ವಿಂಚಿಗೆ ಮಾಡುವ ಉಪಚಾರ ಕಂಡರೆ ಇವನಿಗೆ ಹೊಟ್ಟೆಕಿಚ್ಚು. ಕೆಸರಲ್ಲಿ ಹೂತ ಗಾಡಿ ಎಳೆಯುವ ಆ ಯಂತ್ರದ ಗೇರಿಗೆ ಷಡ್ಡಕ ಬಾಣಂತಿಗೆ ತುಪ್ಪ ಬಡಿಸಿದಂತೆ ಗ್ರೀಸು ತುಂಬುತ್ತಾನೆ, ಉಕ್ಕಿನ ಹಗ್ಗವನ್ನು ಪೂರ್ತಿ ಬಿಚ್ಚಿ ಒರೆಸುತ್ತಾನೆ, "ನೀರು ಸೇರಿದ್ರೆ ಕತೆ ಮುಗೀತು, ತಮ್ಮಾ" ಅಂತ ಉಪದೇಶ ಬೇರೆ. ಇವನ ಜೀಪಿನ ವಿಂಚು ತುಕ್ಕು ಹಿಡಿದು ಕೂತಿದೆ. ಮೊನ್ನೆ ಷಡ್ಡಕ ಕೊಕ್ಕೆಯನ್ನು ಮರಕ್ಕೆ ಸಿಕ್ಕಿಸಿ ಹಗ್ಗವನ್ನು ಮತ್ತೆ ವಿಂಚಿನ ಉರುಳೆಗೆ ಸುತ್ತುವಾಗ, ಅದು ಬಿಗಿಯಾಗಿ ಕೂರಲೆಂದು ಅವನ ಹೆಂಡತಿ ಜೀಪಿನಲ್ಲಿ ಕೂತು ಬ್ರೇಕ್ ಒತ್ತುತ್ತಿದ್ದಳು. "ಸ್ವಲ್ಪ ಬಿಡೇ." "ಬಿಟ್ರೆ ನಿಮ್ಮ ಕಾಲ ಮೇಲೇ ಹತ್ತಿಸ್ತೀನಿ." ಇಬ್ಬರೂ ನಕ್ಕರು. ಗೇಟಿನ ಬಳಿ ನಿಂತು ನೋಡುತ್ತಿದ್ದ ಇವನು ಒಳಗೆ ಹೋಗದೆ ತಿರುಗಿ ನಡೆದ. ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದ, "ಸ್ವಲ್ಪ ಹೊತ್ತು ಜೀಪಲ್ಲಿ ಕೂತ್ಕೋತೀಯಾ?" ಅವಳು ತಲೆಯೆತ್ತದೆ ಕೇಳಿದಳು, "ಯಾಕೆ, ಎಲ್ಲಿಗೆ ಹೋಗ್ಬೇಕು?"