ಗೆರೆ ಪಡುಬದಿಗೆ

ಕಳೆದ ವಾರ ಫೋನು ಚಾರ್ಜ್ ಆಗುವುದಿಲ್ಲವೆಂದು ಗುರುವಾಯನಕೆರೆಯ ಮೊಬೈಲ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹೆಂಗಸು ಬೆಸುಗೆಯ ಬಿಸಿ ಕಡ್ಡಿಯನ್ನು ಸೀಸಕ್ಕೆ ಮುಟ್ಟಿಸಿದಳು. ಹೊಗೆ ಎದ್ದಿತು. ರಾಳ ಸುಟ್ಟ ವಾಸನೆ... ನೆರೆಮನೆಯ ರೇಡಿಯೋದವರು ನೆನಪಾದರು.

ಊರವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಬ್ಯಾರಿ ಮುಸಲ್ಮಾನರು. ಮೂಡಬಿದ್ರೆ ರಸ್ತೆಯ ಬದಿಯಲ್ಲಿ ಅವರ ಮನೆ, ತಾಗಿಕೊಂಡು ನನ್ನದು. ಮೊದಲು ರೇಡಿಯೋ, ಆಮೇಲೆ ಟೇಪು, ಆಮೇಲೆ ಟಿವಿ, ಎಲ್ಲವೂ ಜಗಲಿಯಲ್ಲೇ ರಿಪೇರಿ. ಅಲ್ಲಿ ಬೆಳಕು ಚೆನ್ನಾಗಿದ್ದ ಕಾರಣ ನಾನೂ ಬೀಡಿಯ ಗೆರಸೆ ಹಿಡಿದು ಅಲ್ಲೇ ಕೂರುತ್ತಿದ್ದೆ. ಒಳ್ಳೆಯ ಬಾಯಿಯ ಮನುಷ್ಯ ಏನಲ್ಲ. ಕೆಟ್ಟ ರೇಡಿಯೋ ತಂದವರಿಗೆ, "ಇದನ್ನು ಕೋಳಿಗೂಡಲ್ಲಿ ಇಟ್ಟದ್ದಾ ಮಾರಾಯ್ರೆ?" ಎನ್ನುತ್ತಿದ್ದರು. ನನ್ನ ಕೆಮ್ಮಿಗೂ ಬಯ್ಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ.

ಚಪ್ಪಟೆ ಸ್ಕ್ರೀನಿನ ಕಂಪ್ಯೂಟರು ಬರುವ ಹೊತ್ತಿಗೆ ಅವರ ಹತ್ತಿರ ಯಾರೂ ಏನೂ ತರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣನ್ನೂ ತಿನ್ನುತ್ತಿತ್ತು. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಸ್ಕ್ರೂ ಬಿದ್ದರೆ ಕಣ್ಣಲ್ಲಿ ಹುಡುಕದೆ ಅಂಗೈಯಲ್ಲಿ ನೆಲ ಸವರುತ್ತಿದ್ದರು, ಅದರಿಂದ ನನಗೆ ಗೊತ್ತಾಯಿತು. ಕೇಳಲು ಹೋಗಲಿಲ್ಲ.

ಆಗ ಪೇಟೆಯ ಟೈಪಿಂಗ್ ಅಂಗಡಿಯವನು ಒಂದು ಸ್ಕ್ರೀನ್ ತಂದಿಟ್ಟ.

"ಇದು ಸರಿಯಾದರೆ ಉಳಿದದ್ದನ್ನೂ ನಿಮಗೇ ತರ್ತೇನೆ ಕಾಕಾ. ಇಲ್ಲದಿದ್ದರೆ ಮಂಗಳೂರಿಗೆ ಕೊಂಡೋಗುವುದು."

ಅವನು ಹೋದ ಮೇಲೆ ರೇಡಿಯೋದವರು ನನಗೆ ಹೇಳಿದರು: "ಇದೊಂದು ಆಗ್ಬೇಕು ಅಕ್ಕ. ಆಗದಿದ್ದರೆ ಇನ್ನು ಸಾಯುವವರೆಗೆ ಕೂತು ಉಣ್ಣುವುದೇ."

ಸ್ವಿಚ್ಚು ಹಾಕಿದರೆ ಸ್ಕ್ರೀನು ಎರಡು ರೆಪ್ಪೆ ಬಡಿಯುವಷ್ಟು ಹೊತ್ತು ಬೆಳಗಿ ಕಪ್ಪಾಗುತ್ತಿತ್ತು. ಒಳಗಿನ ಹಲಗೆಯಲ್ಲಿ ಬೆರಳಿನ ತುದಿಯಷ್ಟು ದೊಡ್ಡ ಡಬ್ಬಿಗಳು. ಎರಡರ ತಲೆ ಉಬ್ಬಿತ್ತು. ಸವರಿಯೇ ಪತ್ತೆ ಮಾಡಿ ಬದಲಿಸಿದರು. ಎಲ್ಲ ಜೋಡಿಸಿ ಹಾಕಿದರೆ ಮತ್ತೆ ಅದೇ ಕಥೆ. ಟಾರ್ಚು ಕೊಟ್ಟು, ಕಪ್ಪಾದ ಸ್ಕ್ರೀನಿಗೆ ಓರೆಯಾಗಿ ಬಿಡಲು ನನಗೆ ಹೇಳಿದರು.

"ಏನಾದ್ರೂ ಕಾಣ್ತದಾ?"

"ಮಸುಕು ಮಸುಕು ಅಕ್ಷರ ಉಂಟು."

"ಹಾಗಾದ್ರೆ ಚಿತ್ರ ಬರ್ತಾ ಉಂಟು. ಹಿಂದಿನ ದೀಪಕ್ಕೆ ಮಾತ್ರ ಕರೆಂಟು ಸಾಲುದಿಲ್ಲ." ಮುಖ ಅರಳಿತು. ಮೂಲೆಯ ಇನ್ನೊಂದು ಡಬ್ಬಿಯ ಮೇಲೆ ಬೆರಳಿಟ್ಟರು. "ಇದರಲ್ಲಿ ಒಂದು ಬಿಳಿ ಗೆರೆ ಉಂಟಲ್ಲ, ಅದು ಯಾವ ಕಡೆಗೆ?"

ತನಗೆ ಕಾಣದ್ದನ್ನು ನನ್ನಲ್ಲಿ ಕೇಳಿದ್ದು ಅದೇ ದಿನ ಮೊದಲು.

ನಾನು ಕಲಿತದ್ದು ಎರಡನೇ ಕ್ಲಾಸು. ಎಡ ಬಲ ನನ್ನ ಬಾಯಿಗೆ ಬರುವುದಿಲ್ಲ, ದಿಕ್ಕೇ ಬರುವುದು. ಉಪ್ಪಿನ ಭರಣಿ ಎಲ್ಲಿ ಎಂದರೂ ಒಲೆಯ ತೆಂಕುಬದಿಗೆ ಎನ್ನುವವರು ನಾವು.

"ಪಡುಬದಿಗೆ," ಎಂದೆ, ಹೊತ್ತು ಮುಳುಗುವ ಕಡೆಗೆ.

ಹಳೆಯದನ್ನು ಕೀಳಲು ಅವರು ಹಲಗೆ ಮಗುಚಿದರು. ಕಿತ್ತು, ತೂತು ಬಿಡಿಸಿ, ಮತ್ತೆ ಮಗುಚಿಟ್ಟರು. ನಾನು ಬೀಡಿ ಕಟ್ಟುವುದರಲ್ಲಿದ್ದೆ, ನೋಡಲಿಲ್ಲ. ಹೊಸ ಡಬ್ಬಿಗೆ ಒಂದು ಕಾಲು ಉದ್ದ, ಒಂದು ಗಿಡ್ಡ. ಗಿಡ್ಡ ಕಾಲು ಗೆರೆಯ ಬದಿಯದ್ದು. ಅದು ಅವರ ಬೆರಳಿಗೇ ಗೊತ್ತು. ಆ ಕಾಲನ್ನು ಪಡುಬದಿಗೆ ಸರಿಯಾಗಿ ಹಾಕಿ ಬೆಸೆದರು.

ಸ್ವಿಚ್ಚು ಹಾಕಿದರು. ಬೆಳಗಿತು. ಎರಡು ರೆಪ್ಪೆ ಬಡಿತ ದಾಟಿತು, ಹತ್ತು ದಾಟಿತು...

"ಉಂಟಾ ಅಕ್ಕ?"

"ಉಂಟು."

"ಈಗಲೂ ಉಂಟಾ?"

ಪಟ್ ಎಂದಿತು. ಕೊಳೆತ ಮೀನಿನಂಥ ವಾಸನೆ ಜಗಲಿಯಿಡೀ ತುಂಬಿತು. ಆಗ ನೋಡಿದೆ. ವಯರು ಸಿಕ್ಕಿಸುವ ತುದಿ ಮೊದಲು ಮೂಡುಬದಿಗಿತ್ತು, ಈಗ ಪಡುಬದಿಗೆ. ಮಗುಚುವಾಗ ಹಲಗೆ ತಿರುಗಿತ್ತು. ನನ್ನ ಪಡು ಮಾತ್ರ ಇದ್ದಲ್ಲೇ ಇತ್ತು.

ಗೆರಸೆ ಎತ್ತಿಕೊಂಡು ಮನೆಗೆ ನಡೆದೆ.

ಮರುದಿನ ಟೈಪಿಂಗಿನವನು ಬಂದ. ಸುಟ್ಟ ಹಲಗೆ ನೋಡಿ, "ಉಲ್ಟಾ ಹಾಕಿದ್ದೀರಲ್ಲ! ನಿಮಗೆ ಕಣ್ಣು ಕಾಣುದಿಲ್ವಾ ಕಾಕಾ?" ಎಂದ. ಒಳಗಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತರು. ರೇಡಿಯೋದವರು ನನ್ನ ಕಡೆ ಕೈ ತೋರಿಸಬಹುದಿತ್ತು. ತೋರಿಸಲಿಲ್ಲ. "ಇಲ್ಲ, ಕಾಣುದಿಲ್ಲ," ಎಂದರು. ಅಷ್ಟೇ. ನಾನು ಎಲೆ ಕತ್ತರಿಸುತ್ತಾ ಕೂತಿದ್ದೆ.

ಆಮೇಲೆ ಅವರ ಜಗಲಿಯಲ್ಲಿ ಬೆಸುಗೆಯ ಕಡ್ಡಿ ಬಿಸಿಯಾಗಲಿಲ್ಲ. ಸಾಮಾನೆಲ್ಲ ಗುಜರಿಗೆ ಹೋಯಿತು. ಅವರು ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ಬಸ್ಸಿನ ಸದ್ದಾದರೆ, "ಮೂಡಕ್ಕೆ ಹೋದದ್ದಾ, ಪಡುವಕ್ಕೆ ಹೋದದ್ದಾ ಅಕ್ಕ?" ಎಂದು ಕೇಳುವರು. ತಮಾಷೆಗೋ, ಚುಚ್ಚಲಿಕ್ಕೋ, ನನಗೆ ಇಂದಿಗೂ ಗೊತ್ತಿಲ್ಲ. ನಾನು ಹೇಳುತ್ತಿದ್ದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಮೂರು ವರ್ಷ ಹಾಗೆ ಕೂತರು, ಆಮೇಲೆ ಸತ್ತರು.

ಮೊಬೈಲ್ ಅಂಗಡಿಯ ಹೆಂಗಸು ಫೋನು ಕೊಟ್ಟಳು. ಚಾರ್ಜರಿನ ಪಿನ್ನು ಯಾವ ಕಡೆ ಮೇಲೆ ಮಾಡಿ ಹಾಕುವುದೆಂದು ಕೇಳಿದೆ.

"ಹೇಗೆ ಹಾಕಿದರೂ ಆಗ್ತದೆ ಅಜ್ಜಿ. ಇದಕ್ಕೆ ಉಲ್ಟಾ ಸೀದಾ ಇಲ್ಲ."

ಸರಿ ಎಂದು ಚೀಲಕ್ಕೆ ಹಾಕಿಕೊಂಡು ಬಂದೆ. ಮನೆಯಲ್ಲಿ ಎರಡು ಕಡೆಯಿಂದಲೂ ಹಾಕಿ ನೋಡಿದೆ. ಆಗುತ್ತದೆ. ರೇಡಿಯೋದವರಿಗೆ ಹೇಳೋಣವೆಂದರೆ ಆ ಜಗಲಿಯೂ ಈಗ ಇಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು.